ಹಜರತ್ ಯಹ್ಯಾ

ಮಹಾಪುರುಷರ ಚರಿತ್ರೆಯನ್ನು ಕೈಗೆತ್ತಿಕೊಂಡಾಗ ನಾವು ಸಾಮಾನ್ಯವಾಗಿ ಮೊದಲು ನೋಡುವುದು ಅವರು ಏನೇನು ಸಾಧಿಸಿದರು ಎಂಬುದನ್ನು. ಮೂಸಾ ಪೈಗಂಬರರು ಒಂದು ಜನಾಂಗವನ್ನೇ ದಾಸ್ಯದಿಂದ ಬಿಡಿಸಿದರು, ದಾವೂದರು ರಾಜ್ಯವಾಳಿದರು, ಈಸಾ ಪೈಗಂಬರರು ಕುರುಡರಿಗೆ ಕಣ್ಣು ಕೊಟ್ಟರು. ಇಸ್ಲಾಮಿನ ಪರಂಪರೆಯಲ್ಲಿ ಇವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತಿರುವ ಹಜರತ್ ಯಹ್ಯಾರವರ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿದರೆ ಉತ್ತರವು ಬಹು ಚಿಕ್ಕದಾಗುತ್ತದೆ. ಅವರು ರಾಜ್ಯವಾಳಲಿಲ್ಲ, ಯುದ್ಧ ಗೆಲ್ಲಲಿಲ್ಲ. ಅವರ ಹೆಸರಿನಲ್ಲಿ ಹೊಸ ಗ್ರಂಥವೊಂದು ಇಳಿದು ಬರಲಿಲ್ಲ. ಕುರಾನು ಅವರ ಕೈಯಿಂದ ಒಂದು ಪವಾಡವನ್ನೂ ಮಾಡಿಸುವುದಿಲ್ಲ. ೧೧೪ ಅಧ್ಯಾಯಗಳ ಆ ಗ್ರಂಥದಲ್ಲಿ ಅವರ ಹೆಸರು ಬರುವುದು ೪ ಅಧ್ಯಾಯಗಳಲ್ಲಿ, ಒಟ್ಟು ೫ ಸಲ ಮಾತ್ರ. ಆದರೆ ಬಂದಲ್ಲೆಲ್ಲ ಅವರ ಕಾರ್ಯಗಳಿಗಿಂತ ಹೆಚ್ಚಾಗಿ ಅವರ ಸ್ವಭಾವದ ಮಾತು ಬರುತ್ತದೆ. ಒಬ್ಬ ಮನುಷ್ಯನು ಎಂಥವನಾಗಿದ್ದನು ಎಂಬುದೇ ಅವನ ಚರಿತ್ರೆಯಾಗಬಹುದಾದರೆ ಅದಕ್ಕೆ ಯಹ್ಯಾರವರಿಗಿಂತ ಉತ್ತಮ ನಿದರ್ಶನ ನನಗೆ ದೊರೆತಿಲ್ಲ.

ಕ್ರೈಸ್ತರು ಇವರನ್ನು ಸ್ನಾನಿಕ ಯೋಹಾನನೆಂದು ಬಲ್ಲರು. ಒಂಟೆಯ ಕೂದಲ ಬಟ್ಟೆ ತೊಟ್ಟು, ಮಿಡತೆ ಮತ್ತು ಕಾಡುಜೇನನ್ನು ತಿಂದುಕೊಂಡು, ಜೋರ್ಡನ್ ನದಿಯ ನೀರಿನಲ್ಲಿ ಜನರಿಗೆ ಸ್ನಾನ ಮಾಡಿಸಿ, ಪಶ್ಚಾತ್ತಾಪ ಪಡಿರೆಂದು ಗುಡುಗಿದ ತಪಸ್ವಿಯ ಚಿತ್ರ ಅವರದು. ಕ್ರಿಸ್ಮಸ್ಸಿಗೆ ಸುಮಾರು ಆರು ತಿಂಗಳು ಮುಂಚೆ, ಜೂನ್ ೨೪ರಂದು, ಅವರ ಜನ್ಮದಿನದ ಹಬ್ಬ. ಗೋವೆಯಲ್ಲಿ ಆ ದಿನ ಹುಡುಗರು ತುಂಬಿದ ಬಾವಿಗಳಿಗೆ ಹಾರುತ್ತಾರೆ. ದಕ್ಷಿಣ ಇರಾಕಿನ ಮಾಂಡೀಯರೆಂಬ ಸಣ್ಣ ಸಮುದಾಯಕ್ಕೂ ಇವರು ಪರಮಪೂಜ್ಯರು. ಇಸ್ಲಾಮಿನಲ್ಲಿ ವ್ಯಕ್ತಿ ಅದೇ, ಆದರೆ ಬೆಳಕು ಬೀಳುವ ಕಡೆ ಬೇರೆ. ಕುರಾನಿನಲ್ಲಿ ನದಿಯೂ ಇಲ್ಲ, ಸ್ನಾನವೂ ಇಲ್ಲ. ಅಲ್ಲಿ ಇರುವುದು ಒಂದು ಮನೆ: ಮುದಿ ತಂದೆ, ಬಂಜೆಯೆನಿಸಿಕೊಂಡ ತಾಯಿ, ತಡವಾಗಿ ಬಂದ ಒಬ್ಬನೇ ಮಗ.

ತಂದೆ ಜಕರಿಯಾರವರೂ ಪೈಗಂಬರರೇ. ಜೆರೂಸಲೇಮಿನ ದೇವಾಲಯದ ಸೇವೆ ಅವರದು. ಹೊಟ್ಟೆಪಾಡಿಗೆ ಅವರು ಬಡಗಿಯ ಕೆಲಸ ಮಾಡುತ್ತಿದ್ದರೆಂದು ಮಹಮ್ಮದ್ ಪೈಗಂಬರರು ಹೇಳಿದುದು ಹದೀಸಿನಲ್ಲಿದೆ. ದೇವಾಲಯಕ್ಕೆ ಮುಡಿಪಾದ ಮರಿಯಮ್ ಎಂಬ ಬಾಲೆಯನ್ನು ಸಾಕುವ ಭಾಗ್ಯಕ್ಕಾಗಿ ಹಲವರು ಸ್ಪರ್ಧಿಸಿ ಲೇಖನಿಗಳನ್ನು ಹಾಕಿ ಚೀಟಿಯೆತ್ತಿದಂತೆ ನಿರ್ಣಯಿಸಿದಾಗ ಆ ಭಾಗ್ಯ ಜಕರಿಯಾರವರಿಗೆ ಬಂದಿತು. ಅವರು ಆ ಮಗುವಿನ ಪ್ರಾರ್ಥನಾಗೃಹಕ್ಕೆ ಹೋದಾಗಲೆಲ್ಲ ಅಲ್ಲಿ ಯಾರೂ ತಂದಿಡದ ಆಹಾರವಿರುತ್ತಿತ್ತು; ಬೇಸಗೆಯಲ್ಲಿ ಚಳಿಗಾಲದ ಹಣ್ಣು, ಚಳಿಗಾಲದಲ್ಲಿ ಬೇಸಗೆಯ ಹಣ್ಣು ಎಂದು ವ್ಯಾಖ್ಯಾನಕಾರರು ಸೇರಿಸುತ್ತಾರೆ. ಎಲ್ಲಿಂದ ಬಂತೆಂದು ಕೇಳಿದರೆ ದೇವರು ಕೊಟ್ಟುದೆಂದು ಹುಡುಗಿ ಸಹಜವಾಗಿ ಉತ್ತರಿಸಿದಳು. ಜಕರಿಯಾರವರು ಅಲ್ಲಿಯೇ, ಆ ಕ್ಷಣದಲ್ಲಿಯೇ, ತಮಗೊಂದು ಮಗುವನ್ನು ಬೇಡಿಕೊಂಡರೆಂದು ಕುರಾನು ಹೇಳುತ್ತದೆ. ಋತುವಿಲ್ಲದ ಹಣ್ಣನ್ನು ಕೊಡುವವನು ವಯಸ್ಸಿಲ್ಲದ ಕಾಲದಲ್ಲಿ ಮಗುವನ್ನೇಕೆ ಕೊಡಬಾರದು? ಒಬ್ಬ ವೃದ್ಧ ಪೈಗಂಬರರಿಗೆ ಸಾಕುಮಗುವಿನಿಂದ ಬಂದ ಧೈರ್ಯ ಇದು.

ಆ ಪ್ರಾರ್ಥನೆಯನ್ನು ಅವರು ಯಾರಿಗೂ ಕೇಳಿಸದಂತೆ, ಪಿಸುಮಾತಿನಲ್ಲಿ ಮಾಡಿದರು. ಮೂಳೆಗಳು ಸವೆದಿವೆ, ತಲೆ ನರೆತು ಬೆಳ್ಳಗೆ ಹೊಳೆಯುತ್ತಿದೆ, ಆದರೂ ನಿನ್ನನ್ನು ಬೇಡಿ ಎಂದೂ ಬರಿಗೈಯಲ್ಲಿ ಹೋದವನಲ್ಲವೆಂದು ದೇವರಲ್ಲಿ ನಿವೇದಿಸಿಕೊಂಡರು. ತಮ್ಮ ನಂತರ ಬಂಧುಗಳು ಧರ್ಮದ ದಾರಿಯನ್ನು ಕೆಡಿಸಿಯಾರೆಂಬ ಭಯ ಅವರಿಗಿತ್ತು. ಮಗ ಹುಟ್ಟುವನೆಂಬ ಸುವಾರ್ತೆ ಬಂದಾಗ ಬೇಡಿದವರೇ ಬೆರಗಾದರು. ಅದು ಹೇಗಾದೀತೆಂದು ಕೇಳಿ, ಒಂದು ಗುರುತನ್ನು ಬೇಡಿದರು. ಮೂರು ದಿನ ಸನ್ನೆಯಿಂದಲ್ಲದೆ ಜನರೊಡನೆ ಮಾತಾಡಲಾಗದಿರುವುದೇ ಗುರುತೆಂದು ಉತ್ತರ ಬಂದಿತು. ಕ್ರೈಸ್ತರ ಲೂಕನ ಸುವಾರ್ತೆಯಲ್ಲಿಯೂ ಈ ಮೌನವಿದೆ. ಆದರೆ ಅಲ್ಲಿ ಅದು ನಂಬದಿದ್ದುದಕ್ಕೆ ಶಿಕ್ಷೆ, ಮಗು ಹುಟ್ಟುವ ತನಕದ ಮೂಕತನ. ಕುರಾನಿನಲ್ಲಿ ಶಿಕ್ಷೆಯ ಸುಳಿವಿಲ್ಲ. ಮುದುಕರು ಪ್ರಾರ್ಥನಾಗೃಹದಿಂದ ಹೊರಬಂದು, ಬೆಳಗು ಬೈಗು ದೇವರನ್ನು ಸ್ತುತಿಸಿರೆಂದು ಜನರಿಗೆ ಸನ್ನೆ ಮಾಡುತ್ತಾರೆ. ಈ ಎರಡು ಕಥನಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದುದು ಎರಡನೆಯದು. ಸಂತೋಷವೂ ಮನುಷ್ಯನನ್ನು ಮೂಕನನ್ನಾಗಿ ಮಾಡುತ್ತದಷ್ಟೆ.

ಮಗುವಿಗೆ ಹೆಸರಿಟ್ಟವನು ದೇವರೇ. ಅದಕ್ಕೆ ಮುಂಚೆ ಆ ಹೆಸರು ಯಾರಿಗೂ ಇರಲಿಲ್ಲವೆಂದು ಕುರಾನಿನ ಮಾತು. ಅರಬ್ಬೀ ಭಾಷೆಯಲ್ಲಿ ಯಹ್ಯಾ ಎಂಬ ಶಬ್ದಕ್ಕೆ ಬದುಕುತ್ತಾನೆ ಎಂಬ ಅರ್ಥ ಬರುತ್ತದೆ. ಹೀಬ್ರೂ ಭಾಷೆಯ ಯೋಹಾನನ್ ಎಂಬುದಕ್ಕೆ ದೇವರು ಕನಿಕರಿಸಿದನೆಂದು ಅರ್ಥ. ಇಲ್ಲಿ ಭಾಷಾಶಾಸ್ತ್ರದ ಒಂದು ಸೊಗಸಿದೆ. ಯಹ್ಯಾರವರ ಗುಣಗಳನ್ನು ಎಣಿಸುವಾಗ ಕುರಾನು ಹನಾನ್ ಎಂಬ ಶಬ್ದವನ್ನು ಬಳಸುತ್ತದೆ. ತಾಯಿಯ ಎದೆಯಲ್ಲಿ ಮಗುವಿಗಾಗಿ ಕರಗುವಂಥ ಮರುಕ ಅದರ ಅರ್ಥ. ಇಡೀ ಕುರಾನಿನಲ್ಲಿ ಈ ಶಬ್ದ ಬರುವುದು ಇದೊಂದೇ ಕಡೆ. ಯೋಹಾನನ್ ಎಂಬ ಹೀಬ್ರೂ ಹೆಸರಿನೊಳಗೆ ಇರುವ ಧಾತುವೂ ಅದೇ. ಹೆಸರು ಬದಲಾದರೂ ಹಳೆಯ ಹೆಸರಿನ ಸತ್ವ ಗುಣವಾಗಿ ಉಳಿದುಕೊಂಡಿತು.

ಬಾಲ್ಯದಲ್ಲಿಯೇ ಅವರಿಗೆ ವಿವೇಕವನ್ನು ದಯಪಾಲಿಸಲಾಯಿತೆಂಬುದು ಅವರ ಚರಿತ್ರೆಯ ಅತ್ಯಂತ ಪ್ರಸಿದ್ಧವಾದ ಅಂಶ. ಆಗ ಅವರಿಗೆ ಮೂರು ವರ್ಷವಾಗಿತ್ತೆಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಓರಗೆಯ ಹುಡುಗರು ಆಟಕ್ಕೆ ಕರೆದಾಗ, ತಾನು ಆಟಕ್ಕಾಗಿ ಸೃಷ್ಟಿಯಾದವನಲ್ಲವೆಂದು ಹೇಳಿ ಮುಂದೆ ನಡೆದರಂತೆ. ಬಸವೇಶ್ವರರ ಹೆಸರನ್ನೇ ಹೊತ್ತ ಬಡಾವಣೆಯ ದಾರಿಯಾಗಿ ಕಾಲೇಜಿಗೆ ಬರುವ ನಮಗೆ ಇಂಥ ಬಾಲಜ್ಞಾನಿಯ ಚಿತ್ರ ಅಪರಿಚಿತವೇನಲ್ಲ. ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣ ಎಳೆಯ ಪ್ರಾಯದಲ್ಲಿಯೇ ಹಿರಿಯ ಶರಣರಿಂದ ಅವಿರಳಜ್ಞಾನಿಯೆನಿಸಿಕೊಂಡು, ಅಲ್ಲಮಪ್ರಭುವಿನ ನಂತರ ಶೂನ್ಯಪೀಠವನ್ನೇರಿ, ಕಲ್ಯಾಣದ ಗಲಭೆಯ ತರುವಾಯ ಉಳವಿಯ ಕಾಡಿನಲ್ಲಿ ಐಕ್ಯನಾದನು. ವಯಸ್ಸು ಜ್ಞಾನಕ್ಕೆ ಅಳತೆಗೋಲಲ್ಲವೆಂಬುದನ್ನು ಬೇರೆ ಬೇರೆ ನಾಡುಗಳು ತಮ್ಮ ತಮ್ಮ ಮಕ್ಕಳ ಮೂಲಕ ಕಂಡುಕೊಂಡಿವೆ.

ಆದರೆ ಯಹ್ಯಾರವರ ವಿಷಯದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಬಾಲಜ್ಞಾನವಲ್ಲ. ಕುರಾನಿನ ಮರಿಯಮ್ ಅಧ್ಯಾಯದಲ್ಲಿ ಒಂದರ ಪಕ್ಕದಲ್ಲೊಂದು ಇಟ್ಟಿರುವ ಎರಡು ವಿಷಯಗಳು. ಗ್ರಂಥವನ್ನು ಬಲವಾಗಿ ಹಿಡಿದುಕೋ ಎಂಬುದು ಬಾಲಕನಿಗೆ ಬಂದ ಆಜ್ಞೆ. ಗ್ರಂಥವೆಂದರೆ ಮೂಸಾ ಪೈಗಂಬರರಿಗೆ ದೊರೆತ ತೌರಾತ್. ಅದನ್ನು ಓದಿ ತಿಳಿದು, ಅದರಂತೆ ನಡೆದು, ಯಾರಿಗೂ ಅಂಜದೆ ನಿಲ್ಲಬೇಕೆಂಬುದು ಇದರ ಭಾವ. ಇಷ್ಟು ಬಿಗಿಯಾದ ಆಜ್ಞೆಯ ಬೆನ್ನಿಗೇ ಬರುವುದು ಅವರ ಮರುಕ, ಅವರ ಶುದ್ಧಿ, ಅವರ ದೈವಭೀತಿ; ಆಮೇಲೆ, ತಂದೆತಾಯಿಗಳಿಗೆ ಒಳ್ಳೆಯವರಾಗಿದ್ದರು, ದರ್ಪಿಷ್ಠರೂ ಅವಿಧೇಯರೂ ಆಗಿರಲಿಲ್ಲವೆಂಬ ಮಾತು. ಗ್ರಂಥವನ್ನು ಗಟ್ಟಿಯಾಗಿ ಹಿಡಿದ ಕೈ ಮನೆಯಲ್ಲಿ ಮೆದುವಾಗಿತ್ತು.

ಇದನ್ನು ಓದುವಾಗ ನಮ್ಮ ಕಾಲೇಜಿನ ಹಲವರ ಮನೆಗಳು ಕಣ್ಣಮುಂದೆ ಬರುತ್ತವೆ. ರಾಜಾಜಿನಗರದ ಕಾರ್ಖಾನೆಗಳಲ್ಲಿ ದುಡಿದವರ, ಕೆಂಗೇರಿಯ ಆಚೆಯ ಹೊಲಗಳಲ್ಲಿ ಗೇಯ್ದವರ ಮಕ್ಕಳು ನಾವು; ನನ್ನಂತೆ ಮನೆತನದಲ್ಲಿಯೇ ಮೊದಲನೆಯ ಪದವಿಗಾಗಿ ಓದುತ್ತಿರುವವರು ಇಲ್ಲಿ ಕಡಮೆಯೇನಿಲ್ಲ. ಗ್ರಂಥವನ್ನು ಬಲವಾಗಿ ಹಿಡಿಯಿರೆಂದು ನಮಗೂ ಎಲ್ಲರೂ ಹೇಳಿದ್ದಾರೆ. ಹೇಳಿದವರಲ್ಲಿ ಮೊದಲಿಗರು ಗ್ರಂಥವನ್ನು ಓದಲಾರದ ತಂದೆತಾಯಿಗಳೇ. ಓದಿದ ಮಗ ಆ ತಂದೆಯ ಮಾತಿಗೆ ಮುಖ ಸಿಂಡರಿಸುವುದನ್ನು, ನಾಲ್ಕು ಜನರೆದುರಿಗೆ ಆತನ ಉಚ್ಚಾರಣೆಯನ್ನು ತಿದ್ದುವುದನ್ನು ಕಾಣದ ಬೀದಿ ಯಾವುದು? ವಿದ್ಯೆ ಬಂದಾಗ ಮೊದಲು ಅದರ ಏಟು ಬೀಳುವುದು ಹತ್ತಿರದವರ ಮೇಲೆ. ಬಡಗಿಯ ಮಗನಾದ ಯಹ್ಯಾರವರಿಗೆ ಮೂರು ವರ್ಷದಲ್ಲಿಯೇ ಬಂದ ವಿವೇಕದಿಂದ ಮನೆಯವರು ಚಿಕ್ಕವರಾಗಲಿಲ್ಲ.

ಈ ಭಾಗವನ್ನು ಅತ್ಯಂತ ಸ್ವಾರಸ್ಯವಾಗಿ ಬೆಳೆಸಿದವರು ಸೂಫಿ ಪಂಥದ ಮಹಾ ವಿದ್ವಾಂಸರಾದ ಇಮಾಮ್ ಗಜ್ಜಾಲಿಯವರು. ೧೧೧೧ರಲ್ಲಿ ತೀರಿಕೊಂಡ ಇವರ ದೊಡ್ಡ ಗ್ರಂಥದಲ್ಲಿ ದೈವಭೀತಿಯನ್ನು ವಿವರಿಸುವ ಕಡೆ ಯಹ್ಯಾರವರ ಕಥೆ ಬರುತ್ತದೆ. ೮ ವರ್ಷದ ಬಾಲಕ ಜೆರೂಸಲೇಮಿನ ಆಲಯಕ್ಕೆ ಹೋಗಿ, ಕೂದಲ ಬಟ್ಟೆ, ಉಣ್ಣೆಯ ಅಂಗಿ ತೊಟ್ಟು ತಪಸ್ಸಿನಲ್ಲಿದ್ದವರನ್ನು ಕಂಡು, ಮನೆಗೆ ಬಂದು, ತನಗೂ ಅಂಥದೇ ಬಟ್ಟೆ ಬೇಕೆಂದು ಕೇಳಿದನಂತೆ. ತಂದೆತಾಯಿಗಳು ಕೊಟ್ಟರು. ಹಗಲು ಆಲಯದ ಸೇವೆ, ರಾತ್ರಿ ಜಾಗರಣೆ. ಹೀಗೆ ೧೫ ವರ್ಷ ತುಂಬುವವರೆಗೆ ನಡೆಯಿತು. ಆಮೇಲೆ ಹುಡುಗ ಮನೆ ಬಿಟ್ಟು ಬೆಟ್ಟ ಗುಹೆಗಳ ದಾರಿ ಹಿಡಿದನು. ಮುದಿ ತಂದೆತಾಯಿಗಳು ಹುಡುಕುತ್ತಾ ಹೋದರು. ಜೋರ್ಡನ್ನಿನ ಸರೋವರದಲ್ಲಿ ಕಾಲಿಳಿಬಿಟ್ಟು, ಬಾಯಾರಿ ಸಾಯುವಂತಾಗಿದ್ದರೂ ನೀರು ಮುಟ್ಟದೆ ಕುಳಿತಿದ್ದ ಮಗ ಸಿಕ್ಕಿದನು. ದೇವರ ಸನ್ನಿಧಿಯಲ್ಲಿ ತನ್ನ ಸ್ಥಾನವೇನೆಂದು ತಿಳಿಯುವ ತನಕ ತಣ್ಣೀರು ಕುಡಿಯುವುದಿಲ್ಲವೆಂದು ಅವನು ಆಣೆಯಿಟ್ಟುಕೊಂಡಿದ್ದನು. ತಂದೆತಾಯಿಗಳ ಬಳಿಯಲ್ಲಿ ಒಂದು ಬಾರ್ಲಿಯ ರೊಟ್ಟಿಯಿತ್ತು. ಅದನ್ನು ತಿಂದು ಆ ನೀರನ್ನು ಕುಡಿಯೆಂದು ಅವರು ಬೇಡಿಕೊಂಡರು. ಮಗ ತಿಂದನು, ಕುಡಿದನು, ಆಣೆ ಮುರಿದುದಕ್ಕೆ ಧರ್ಮವು ವಿಧಿಸಿದ ಪ್ರಾಯಶ್ಚಿತ್ತವನ್ನೂ ಮಾಡಿಕೊಂಡನು. ತಂದೆತಾಯಿಗಳಿಗೆ ಒಳ್ಳೆಯವನೆಂಬ ಕುರಾನಿನ ಪ್ರಶಂಸೆ ಇದರಿಂದಲೇ ಬಂದಿತೆಂದು ಗಜ್ಜಾಲಿಯವರ ಅಭಿಪ್ರಾಯ.

ತಪಸ್ವಿಗಳ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಸಾಮಾನ್ಯವಾಗಿ ಅಲ್ಲಿ ತಂದೆತಾಯಿಗಳ ಕಣ್ಣೀರು ದಾಟಬೇಕಾದ ಅಡ್ಡಿಯಾಗಿರುತ್ತದೆ, ದಾಟಿದವನು ದೊಡ್ಡವನು. ಇಲ್ಲಿ ರೊಟ್ಟಿಗಾಗಿ ವ್ರತವನ್ನು ಮುರಿದುದೇ ಹಿರಿಮೆಯಾಯಿತು. ದೇವರಿಗಾಗಿ ಇಟ್ಟ ಆಣೆಯನ್ನು ತಾಯ್ತಂದೆಗಳಿಗಾಗಿ ಮುರಿದರೆ ದೇವರು ಮೆಚ್ಚಿದನೆಂದು ಹೇಳುವ ಧೈರ್ಯ ಒಬ್ಬ ಸೂಫಿಗೆ ಬಂದುದು ಸಾಮಾನ್ಯ ಸಂಗತಿಯಲ್ಲ.

ಅದೇ ಕಥೆಯ ಮುಂದಿನ ಭಾಗದಲ್ಲಿ ಯಹ್ಯಾರವರು ಪ್ರಾರ್ಥನೆಯಲ್ಲಿ ಅಳುತ್ತಿದ್ದರೆ ಮರಗಳೂ ಮಣ್ಣಿನ ಹೆಂಟೆಗಳೂ ಕೂಡಿ ಅಳುತ್ತಿದ್ದುವೆಂದೂ, ಕಣ್ಣೀರು ಹರಿದು ಹರಿದು ಕೆನ್ನೆಯ ಮಾಂಸ ಸವೆದು ಹಲ್ಲು ಕಾಣುವಂತಾಯಿತೆಂದೂ ಇದೆ. ಇದು ಅತಿಶಯೋಕ್ತಿಯೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅದರ ಜೊತೆಗೆ ಬರುವ ಒಂದು ವಿವರ ಅತಿಶಯೋಕ್ತಿಯಂತೆ ತೋರುವುದಿಲ್ಲ. ತಾಯಿ ಎರಡು ಕಂಬಳಿಯ ಚೂರುಗಳನ್ನು ಮಾಡಿ ಮಗನ ಕೆನ್ನೆಗಳಿಗೆ ಅಂಟಿಸುತ್ತಿದ್ದಳು. ಅವು ನೆನೆದಾಗ ತೆಗೆದು ಹಿಂಡುತ್ತಿದ್ದಳು. ಮಗನ ಭಕ್ತಿ ಆಕೆಗೆ ಎಷ್ಟು ಅರ್ಥವಾಯಿತೋ ಕಾಣೆವು. ಗಾಯವಂತೂ ಅರ್ಥವಾಗಿತ್ತು.

ಅವರು ಮದುವೆಯಾಗಲಿಲ್ಲ. ವಿವಾಹವನ್ನು ಪ್ರೋತ್ಸಾಹಿಸುವ ಇಸ್ಲಾಮಿನಲ್ಲಿ ಇದು ವಿಶೇಷವೇ. ಕುರಾನು ಅವರನ್ನು ಸಂಯಮಿಯೆಂದು ಕರೆದಿದೆ, ನಾಯಕರೆಂದೂ ಕರೆದಿದೆ. ಸೈನ್ಯವಿಲ್ಲದ, ಸಂಸಾರವಿಲ್ಲದ ಈ ತರುಣ ಯಾರಿಗೆ ನಾಯಕರೆಂದರೆ ತಮ್ಮ ಮನಸ್ಸಿಗೆ ಎಂದು ಹೇಳಬಹುದೇನೋ.

ಈಸಾ ಪೈಗಂಬರರೊಡನೆ ಅವರ ಸಂಬಂಧವನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ಹದೀಸಿನ ಪ್ರಕಾರ ಇಬ್ಬರೂ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು. ಮಹಮ್ಮದ್ ಪೈಗಂಬರರು ಆಕಾಶಯಾತ್ರೆ ಮಾಡಿದ ರಾತ್ರಿ ಎರಡನೆಯ ಆಕಾಶದಲ್ಲಿ ಈ ಇಬ್ಬರನ್ನೂ ಒಟ್ಟಿಗೆ ಕಂಡರು; ಉಳಿದ ಆಕಾಶಗಳಲ್ಲಿ ಭೇಟಿಯಾದವರು ಒಬ್ಬೊಬ್ಬರೇ. ೮೯೨ರಲ್ಲಿ ತೀರಿಕೊಂಡ ತಿರ್ಮಿಜಿಯವರ ಹದೀಸ್ ಸಂಗ್ರಹದಲ್ಲಿ ಇವರಿಬ್ಬರ ಒಂದು ಪ್ರಸಂಗವಿದೆ. ಐದು ಆಜ್ಞೆಗಳನ್ನು ಇಸ್ರಾಯೇಲರಿಗೆ ತಿಳಿಸಬೇಕೆಂದು ಯಹ್ಯಾರವರಿಗೆ ದೇವರ ಅಪ್ಪಣೆಯಾಗಿತ್ತು. ಅವರು ಸ್ವಲ್ಪ ತಡಮಾಡಿದರು. ಈಸಾರವರು ಬಂದು, ನೀವು ಹೇಳುತ್ತೀರೋ ನಾನು ಹೇಳಲೋ ಎಂದು ಕೇಳಿದರು. ಇನ್ನೊಬ್ಬರು ತಮ್ಮ ಕರ್ತವ್ಯವನ್ನು ಮಾಡಿಬಿಟ್ಟರೆ ಭೂಮಿ ತನ್ನನ್ನು ನುಂಗೀತೆಂದು ಯಹ್ಯಾರವರು ಬೆದರಿ, ಕೂಡಲೆ ಜನರನ್ನು ಆಲಯದಲ್ಲಿ ಸೇರಿಸಿದರು. ಒಳಗೆ ಜಾಗ ಸಾಲದೆ ಜನ ಎತ್ತರದ ಕಟ್ಟೆಗಳ ಮೇಲೆಲ್ಲ ಕುಳಿತರು.

ಅವರು ಅಂದು ಹೇಳಿದುದರಲ್ಲಿ ತತ್ತ್ವಶಾಸ್ತ್ರದ ತೊಡಕಿಲ್ಲ. ಎಲ್ಲವೂ ಸಂತೆಯ, ಮನೆಯ, ಯುದ್ಧಭೂಮಿಯ ಉಪಮೆಗಳು. ತನ್ನ ಚಿನ್ನ ಕೊಟ್ಟು ಕೊಂಡ ಯಜಮಾನನ ಮನೆಯಲ್ಲಿದ್ದು ಸಂಪಾದನೆಯನ್ನು ಬೇರೊಬ್ಬನಿಗೆ ಒಯ್ದು ಕೊಡುವ ಆಳಿನಂತೆ, ಒಬ್ಬ ದೇವರನ್ನು ಬಿಟ್ಟು ಇನ್ನೊಬ್ಬನನ್ನು ಪೂಜಿಸುವವನು. ಪ್ರಾರ್ಥನೆಯಲ್ಲಿರುವಾಗ ಅತ್ತಿತ್ತ ತಿರುಗಬೇಡಿ, ದೇವರ ಮುಖ ನಿಮ್ಮ ಕಡೆಗಿರುತ್ತದೆ. ಉಪವಾಸವಿರುವವನು ಕಸ್ತೂರಿಯ ಚೀಲವನ್ನು ಕಟ್ಟಿಕೊಂಡು ಗುಂಪಿನಲ್ಲಿ ನಿಂತವನ ಹಾಗೆ, ಸುತ್ತಲಿನವರಿಗೆಲ್ಲ ಪರಿಮಳ. ದಾನ ಮಾಡುವವನು ಶತ್ರುಗಳ ಕೈಗೆ ಸಿಕ್ಕ ಸೆರೆಯಾಳಿನ ಹಾಗೆ: ಕೈಗಳನ್ನು ಕತ್ತಿಗೆ ಬಿಗಿದು ತಲೆ ಕಡಿಯಲು ಮುಂದೆ ತಂದಾಗ, ತನ್ನಲ್ಲಿರುವ ಅಷ್ಟಿಷ್ಟನ್ನೆಲ್ಲ ಕೊಟ್ಟು ಪ್ರಾಣವನ್ನು ಬಿಡಿಸಿಕೊಳ್ಳುತ್ತಾನೆ. ದೇವರ ಸ್ಮರಣೆಯೋ, ಬೆನ್ನಟ್ಟಿ ಬರುವ ವೈರಿಗಳಿಂದ ಓಡುವವನಿಗೆ ಸಿಕ್ಕ ಭದ್ರವಾದ ಕೋಟೆ. ದಾನಿಯನ್ನು ಸೆರೆಯಾಳಿಗೆ ಹೋಲಿಸಿದ ಮಾತನ್ನು ನಾನು ಬೇರೆಲ್ಲಿಯೂ ಓದಿಲ್ಲ. ದಾನಿಯು ಮೇಲೆ ನಿಂತು ಕೊಡುವವನೆಂಬ ನಮ್ಮ ಭಾವನೆ ಅಲ್ಲಿ ತಲೆಕೆಳಗಾಗುತ್ತದೆ.

ಕುತ್ತಿಗೆಯ ಮೇಲಿನ ಕತ್ತಿ ಅವರ ಬಾಳಿನಲ್ಲಿ ಉಪಮೆಯಾಗಿಯೇ ಉಳಿಯಲಿಲ್ಲ. ರೋಮನರ ಅಧೀನದಲ್ಲಿ ಗಲಿಲೇಯವನ್ನು ಆಳುತ್ತಿದ್ದ ಹೆರೋದ ಅಂತಿಪನು ತನ್ನ ಸೋದರನ ಹೆಂಡತಿಯನ್ನು ಮದುವೆಯಾದುದನ್ನು ಖಂಡಿಸಿದುದಕ್ಕಾಗಿ ಅವರನ್ನು ಸೆರೆಗೆ ಹಾಕಿ, ಕೊನೆಗೆ ಔತಣದ ದಿನ ಕುಣಿದ ಹುಡುಗಿಯ ಬೇಡಿಕೆಯಂತೆ ತಲೆಯನ್ನು ಹರಿವಾಣದಲ್ಲಿ ತರಿಸಿದನೆಂದು ಕ್ರೈಸ್ತ ಸುವಾರ್ತೆಗಳಲ್ಲಿದೆ. ಮೊದಲನೆಯ ಶತಮಾನದ ಯೆಹೂದಿ ಚರಿತ್ರಕಾರ ಜೋಸೆಫಸನು ಕೊಡುವ ಕಾರಣ ಬೇರೆ: ಜನ ಅವರ ಮಾತಿಗೆ ಕಿವಿಗೊಡುತ್ತಿದ್ದುದನ್ನು ಕಂಡು ದಂಗೆಯಾದೀತೆಂದು ದೊರೆ ಹೆದರಿದನು, ಮೃತಸಮುದ್ರದ ಪೂರ್ವಕ್ಕಿರುವ ಮಕೇರಸ್ ಎಂಬ ಕೋಟೆಯಲ್ಲಿ ಕೊಲ್ಲಿಸಿದನು. ಮುಸ್ಲಿಮ್ ಚರಿತ್ರಕಾರರು ಹೇಳುವ ಕಥೆಗಳಲ್ಲಿ ದೊರೆ ಮದುವೆಯಾಗಬಯಸಿದವಳು ಸೋದರನ ಮಗಳೆಂದಿದೆ. ಕಡಿದ ತಲೆಯೂ ಇದು ಧರ್ಮವಲ್ಲವೆಂದು ನುಡಿಯುತ್ತಿತ್ತಂತೆ. ನೆಲಕ್ಕೆ ಬಿದ್ದ ರಕ್ತ ಕುದಿಯುತ್ತಲೇ ಇತ್ತಂತೆ. ಬಾಬಿಲೋನಿನ ನೆಬುಕದ್ನೆಚ್ಚರನು ಬಂದು ಸೇಡು ತೀರಿಸಿದ ಮೇಲೆ ಆ ರಕ್ತ ಶಾಂತವಾಯಿತೆಂಬ ಮಾತೂ ಇದೆ. ಆದರೆ ಆ ದೊರೆ ಯಹ್ಯಾರವರಿಗಿಂತ ಶತಮಾನಗಳಷ್ಟು ಹಿಂದಿನವನು. ೯೨೩ರಲ್ಲಿ ತೀರಿಕೊಂಡ ತಬರಿಯವರು ಈ ಕಥೆಯನ್ನು ದಾಖಲಿಸಿ, ಕಾಲಗಣನೆಗೆ ಹೊಂದದೆಂದು ತಾವೇ ತೋರಿಸಿಕೊಟ್ಟಿದ್ದಾರೆ.

ಕುರಾನು ಮಾತ್ರ ಈ ವಿಷಯದಲ್ಲಿ ಪೂರ್ಣ ಮೌನ ತಾಳಿದೆ. ಹರಿವಾಣವಿಲ್ಲ, ನರ್ತಕಿಯಿಲ್ಲ, ದೊರೆಯ ಹೆಸರಿಲ್ಲ. ಯೂರೋಪಿನ ಎಷ್ಟೋ ಚಿತ್ರಕಾರರು ಆ ತಲೆಯನ್ನೇ ಮತ್ತೆ ಮತ್ತೆ ಬರೆದರು; ಕೊಂದವರ ಕಥೆ ಕೊಲೆಯಾದವನ ಕಥೆಗಿಂತ ಹೆಚ್ಚು ಪ್ರಸಿದ್ಧವಾಯಿತು. ಕುರಾನಿನಲ್ಲಿ ಆ ಮರಣಕ್ಕೆ ದೊರೆಯುವುದು ಒಂದು ಶಾಂತಿವಚನ. ಹುಟ್ಟಿದ ದಿನ, ಸಾಯುವ ದಿನ, ಮತ್ತೆ ಎದ್ದು ಬರುವ ದಿನ, ಈ ಮೂರು ದಿನಗಳಲ್ಲಿಯೂ ಯಹ್ಯಾರವರ ಮೇಲೆ ದೇವರ ಶಾಂತಿಯಿದೆ. ಮನುಷ್ಯನು ಅತ್ಯಂತ ಒಂಟಿಯಾಗಿರುವ ಮೂರು ಗಳಿಗೆಗಳು ಇವೇ ಎಂದು ಎಂಟನೆಯ ಶತಮಾನದ ವಿದ್ವಾಂಸ ಸುಫ್ಯಾನ್ ಇಬ್ನ್ ಉಯೈನಾ ವಿವರಿಸಿದರು. ಈಸಾ ಪೈಗಂಬರರಿಗೂ ಇದೇ ಅಧ್ಯಾಯದಲ್ಲಿ ಮೂರು ದಿನಗಳ ಶಾಂತಿಯುಂಟು. ಆದರೆ ಅದನ್ನು ತೊಟ್ಟಿಲಿನಿಂದ ಅವರೇ ನುಡಿದರು. ೭೨೮ರಲ್ಲಿ ತೀರಿಕೊಂಡ ಬಸ್ರಾ ಪಟ್ಟಣದ ಹಸನರು ಹೇಳುವಂತೆ, ಒಮ್ಮೆ ಈ ಸೋದರರು ಸೇರಿದಾಗ ನೀನು ಮೇಲು, ನೀನು ಮೇಲು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನನಗೆ ನಾನೇ ಶಾಂತಿ ಹೇಳಿಕೊಂಡೆ, ನಿನಗೆ ದೇವರು ಹೇಳಿದನು ಎಂದು ಈಸಾರವರು ವಾದವನ್ನು ಮುಗಿಸಿದರು.

ಈ ಅಧ್ಯಾಯಕ್ಕೆ ಇನ್ನೊಂದು ಚರಿತ್ರೆಯಿದೆ. ಮಕ್ಕಾದ ಹಿಂಸೆಯನ್ನು ತಾಳಲಾರದೆ ಸುಮಾರು ೬೧೫ರಲ್ಲಿ ಮುಸಲ್ಮಾನರ ಒಂದು ಸಣ್ಣ ಗುಂಪು ಕಡಲು ದಾಟಿ ಅಬಿಸೀನಿಯಕ್ಕೆ ಹೋಯಿತು. ಅವರನ್ನು ಹಿಂದಕ್ಕೆ ಒಪ್ಪಿಸಿರೆಂದು ಮಕ್ಕಾದವರು ದೂತರನ್ನಟ್ಟಿದರು. ಕ್ರೈಸ್ತ ದೊರೆ ನಜಾಶಿಯು ನಿಮ್ಮ ಗ್ರಂಥದಿಂದ ಏನಾದರೂ ಓದಿರೆಂದಾಗ, ಪೈಗಂಬರರ ದಾಯಾದಿ ಜಾಫರರು ಆರಿಸಿಕೊಂಡುದು ಮರಿಯಮ್ ಅಧ್ಯಾಯದ ಆರಂಭವನ್ನು. ಅಂದರೆ ದೊರೆ ಮೊದಲು ಕೇಳಿದುದು ಜಕರಿಯಾರವರ ಪಿಸುಮಾತನ್ನು, ಯಹ್ಯಾರವರ ಜನನವನ್ನು. ಗಡ್ಡ ನೆನೆಯುವಂತೆ ಅತ್ತು, ಶರಣು ಬಂದವರನ್ನು ಒಪ್ಪಿಸಲು ಅವನು ನಿರಾಕರಿಸಿದನು.

೬೮೦ರಲ್ಲಿ ಕರ್ಬಲಾದ ದಾರಿಯಲ್ಲಿದ್ದ ಇಮಾಮ್ ಹುಸೇನರು ತಂಗಿದೆಡೆಯಲ್ಲೆಲ್ಲ ಯಹ್ಯಾರವರನ್ನು ನೆನೆಯುತ್ತಿದ್ದರೆಂದು ಷಿಯಾ ಪಂಥದ ಗ್ರಂಥಗಳು ಹೇಳುತ್ತವೆ. ಅನ್ಯಾಯದ ದೊರೆಗೆ ತಲೆಬಾಗದ ತಲೆ ದೊರೆಯ ಮುಂದೆ ಕಾಣಿಕೆಯಾಗಿ ಹೋಗುವುದೆಂಬುದನ್ನು ಅವರು ಮುಂಚೆಯೇ ಬಲ್ಲವರಂತಿದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿನ ಕಾಲಕ್ಕೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲಾಯಿ ದೇವರನ್ನು ಕೂರಿಸಿ, ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹಾಡಿ ಅಳುವುದು ಈ ಹುಸೇನರಿಗಾಗಿಯೇ.

ಹುಸೇನರ ತಲೆಯನ್ನು ಒಯ್ದುದು ದಮಾಸ್ಕಸ್ ನಗರಕ್ಕೆ. ಅಲ್ಲಿ ಆಗ ಯೋಹಾನನ ಹೆಸರಿನ ದೊಡ್ಡ ಇಗರ್ಜಿಯಿದ್ದಿತು. ಅದಕ್ಕೂ ಹಿಂದೆ ಅದೇ ಜಾಗದಲ್ಲಿ ರೋಮನರ ಜೂಪಿಟರ್ ದೇವಾಲಯವಿದ್ದಿತು. ೭೦೫ರಲ್ಲಿ ಪಟ್ಟಕ್ಕೆ ಬಂದ ಖಲೀಫ ವಲೀದನು ಇಗರ್ಜಿಯನ್ನು ತೆಗೆದು ಮಹಾ ಮಸೀದಿಯನ್ನು ಕಟ್ಟಿಸುವಾಗ ನೆಲದಡಿಯ ಗುಹೆಯಲ್ಲಿ ಯಹ್ಯಾರವರ ಶಿರಸ್ಸು ದೊರೆಯಿತೆಂದೂ, ಅದನ್ನು ಅಲ್ಲಿಯೇ ಮತ್ತೆ ಹೂಳಿ ಗುರುತಿಗೊಂದು ಕಂಬವನ್ನು ನಿಲ್ಲಿಸಿದನೆಂದೂ ಐತಿಹ್ಯ. ಉಳಿದ ದೇಹವು ನಾಬ್ಲಸ್ ಬಳಿಯ ಸಬಸ್ತಿಯಾದಲ್ಲಿದೆಯೆಂದು ನಂಬಿಕೆ. ತಂದೆ ಜಕರಿಯಾರವರ ಸಮಾಧಿಯೆಂಬುದು ಅಲೆಪ್ಪೋ ನಗರದ ಮಹಾ ಮಸೀದಿಯಲ್ಲಿದೆ. ೨೦೧೩ರ ಯುದ್ಧದಲ್ಲಿ ಆ ಮಸೀದಿಯ ಮಿನಾರು ಉರುಳಿತು. ದಮಾಸ್ಕಸ್ಸಿನ ಮಸೀದಿ ೧೮೯೩ರಲ್ಲಿ ಬೆಂಕಿಗೆ ಸಿಕ್ಕಿತು. ಪ್ರಾರ್ಥನಾ ಶಾಲೆಯ ಮಧ್ಯದಲ್ಲಿ ಹಸಿರು ಗಾಜಿನ ಕಿಟಕಿಗಳುಳ್ಳ ಅಮೃತಶಿಲೆಯ ಈಗಿನ ಗೋರಿಮನೆ ಅದರ ನಂತರದ್ದು. ೨೦೦೧ರ ಮೇ ೬ರಂದು ಪೋಪ್ ಎರಡನೆಯ ಜಾನ್ ಪಾಲರು, ಮಸೀದಿಯೊಳಕ್ಕೆ ಕಾಲಿಟ್ಟ ಮೊದಲನೆಯ ಪೋಪರಾಗಿ, ಪಾದರಕ್ಷೆ ಬದಲಿಸಿಕೊಂಡು ಒಳಗೆ ನಡೆದು, ತಮ್ಮ ಹೆಸರಿನ ಆ ಸಂತನ ಗೋರಿಯ ಮುಂದೆ ಸ್ವಲ್ಪ ಹೊತ್ತು ಮೌನವಾಗಿ ನಿಂತರು.